ಮಾವಯ್ಯನ ದುರ್ಬೀನು

ದುರ್ಬೀನು ಅನ್ನುವ ಪದದಲ್ಲೇ ಕೇಡಿದೆ ಎಂದು ಮೊದಲು ಹೇಳಿದವರು ನನ್ನ ಅತ್ತೆ. ದುರ್ಗತಿ, ದುರ್ಬುದ್ಧಿ, ದುರ್ಮರಣ ಎಂದು ಒಂದೊಂದೇ ಬೆರಳು ಮಡಚಿ, "ಒಳ್ಳೇದು ಯಾವ್ದಾದ್ರೂ ದುರ್ ಅಂತ ಸುರುವಾಗ್ತದೇನವ್ವಾ? ಓದಿರೋಳು ನೀನು, ಯೋಳು" ಅಂದರು. ನಾನು ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಮಕ್ಕಳಿಗೆ ಬೆಳಕಿನ ಪಾಠ ಹೇಳುವವಳು. ನಕ್ಕುಬಿಟ್ಟೆ. ಅದು ದುರ್ ಅಲ್ಲ ಅತ್ತೆ, ದೂರ್, ಅಂದರೆ ದೂರ. ಬೀನ್ ಅಂದರೆ ನೋಡುವುದು, ಅಷ್ಟೇ, ಅಂದೆ. ದುರ್ಬೀನು ಮಾರಿದ ಅಂಗಡಿಯ ಸಾಹೇಬರು ನನಗೆ ಹೇಳಿದ್ದನ್ನೇ ಅವರಿಗೆ ಒಪ್ಪಿಸಿದ್ದು. "ಮಾರೋರು ಅಂಗೇ ಯೋಳ್ತಾರೆ ಬುಡು" ಎಂದು ಅತ್ತೆ ಒಳಗೆ ಹೋದರು.

ತೊಂಬತ್ತರ ದಶಕದ ನಡುವಿನ ಮಾತು. ನನ್ನ ತವರು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ. ಅಲ್ಲಿ ಮಳೆ ಬಂದರೆ ರಾಗಿ, ಬರದಿದ್ದರೆ ಹುರುಳಿ. ನನ್ನನ್ನು ಕೊಟ್ಟದ್ದು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯ ಒಂದು ಊರಿಗೆ. ಮನೆ ಮುಂದೆ ಗದ್ದೆ, ಗದ್ದೆಯ ತುದಿಗೆ ನಾಲೆ. ನೀರಿರುವ ಊರಿಗೆ ಮಗಳನ್ನು ಕೊಟ್ಟೆ ಅಂತ ನಮ್ಮಪ್ಪ ಬಹಳ ದಿನ ಹೇಳಿಕೊಂಡು ತಿರುಗಿದರು. ಆ ನೀರಿನ ಹತ್ತಿರವೇ ನನಗೆ ಇಷ್ಟು ಹೆದರಿಕೆ ಕಾದಿದೆ ಎಂದು ಅವರಿಗೇನು ಗೊತ್ತು, ನನಗೂ ಗೊತ್ತಿರಲಿಲ್ಲ.

ಆ ವರ್ಷ ಮಾವಯ್ಯ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಹೊತ್ತು ಹುಟ್ಟುವ ಮೊದಲೇ ಗದ್ದೆಗೆ ಹೋಗಿ ಅಭ್ಯಾಸವಿದ್ದ ಮನುಷ್ಯ ತಾರಸಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು, ಕೂತು ನಮ್ಮೆಲ್ಲರ ಪ್ರಾಣ ತಿಂದರು. ನೀರು ಬಿಟ್ರೇನ್ಲಾ, ನೀರಿನ ಮಡವೆ ಕಟ್ಟಿದ್ರೇನ್ಲಾ, ಯಾವಳು ಅದು ಕಬ್ಬಿಗೆ ಕೈ ಹಾಕ್ತಿರೋಳು? ಪ್ರತಿ ಪ್ರಶ್ನೆಗೂ ಯಾರಾದರೂ ಗದ್ದೆಗೆ ಓಡಿ ನೋಡಿಕೊಂಡು ಬರಬೇಕು. ನನ್ನ ಗಂಡ ಬೇಸತ್ತು, ಒಂದು ಭಾನುವಾರ ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟರು.

ಪಟ್ಟಣದಲ್ಲಿ ಹಳೆ ಸಾಮಾನಿನ ಅಂಗಡಿಯಲ್ಲಿ ಇರುವುದೆಲ್ಲ ಸುಲ್ತಾನರ ಕಾಲದ್ದೇ. ಅಲ್ಯೂಮಿನಿಯಂ ತಪ್ಪಲೆಯೂ ಸುಲ್ತಾನರ ಕಾಲದ್ದು. ಸಾಹೇಬರು ಒಂದು ತಗಡಿನ ಡಬ್ಬಿಯಿಂದ ಅಂಗೈಯಷ್ಟುದ್ದದ ಹಿತ್ತಾಳೆ ಕೊಳವೆಯೊಂದನ್ನು ತೆಗೆದರು. ಮೇಲೆ ಸುತ್ತಿದ್ದ ಚರ್ಮ ಹೊಲಿಗೆ ಬಿಟ್ಟಿತ್ತು. "ಫೌಜಿ ಸಾಹೇಬ್ರು ಜೇಬಲ್ಲಿ ಇಡ್ತಿದ್ದುದು ಮೇಡಂ, ಅಸ್ಲಿ ಚೀಜ್" ಎನ್ನುತ್ತ ತುದಿ ಹಿಡಿದು ಎಳೆದರು. ಕೊಳವೆಯೊಳಗಿಂದ ಕೊಳವೆ, ಅದರೊಳಗಿಂದ ಮತ್ತೊಂದು ಬಂದು ಮೊಳದುದ್ದ ಆಯಿತು. ಕಣ್ಣಿಡುವ ತುದಿಯಲ್ಲಿ ಉಗುರಿನಷ್ಟಗಲದ ಮುಚ್ಚಳ, ಪಕ್ಕಕ್ಕೆ ಸರಿಸಿದರೆ ಒಳಗೆ ಗಾಜು. ನೋಡಿದೆ. ಬೂಸಲು ಹಿಡಿದು ಮಂಜು ಮಂಜಾಗಿತ್ತು. ತೊಳೆದರೆ ಸರಿಯಾಗುತ್ತದೆ ಎಂದು ನಾನೇ ಗಂಡನಿಗೆ ಹೇಳಿ ಕೊಡಿಸಿದೆ.

ತೊಳೆಯಲು ಬಿಚ್ಚಿದಾಗ ನನಗೆ ಖುಷಿಯೋ ಖುಷಿ. ಪುಸ್ತಕದಲ್ಲಿ ಗೆರೆ ಎಳೆದು ತೋರಿಸುತ್ತಿದ್ದುದು ಕೈಯಲ್ಲೇ ಬಂದಿತ್ತು. ಮುಂದಿನ ದೊಡ್ಡ ಗಾಜು ದೂರದ ವಸ್ತುವಿನ ಬೆಳಕನ್ನು ಬಾಚಿಕೊಂಡು ಕೊಳವೆಯೊಳಗೆ ಅದರದೊಂದು ಪುಟ್ಟ ಬಿಂಬ ಮಾಡುತ್ತದೆ. ಕಣ್ಣಿನ ಹತ್ತಿರದ ಗಾಜು ಆ ಬಿಂಬವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಆದರೆ ಆ ಬಿಂಬ ಹುಟ್ಟುವುದೇ ತಲೆಕೆಳಗಾಗಿ. ಅದಕ್ಕೆ ನಡುವೆ ಕಿರುಬೆರಳಿನಷ್ಟು ಸಣ್ಣದೊಂದು ಕೊಳವೆ, ಅದರ ಎರಡು ತುದಿಗೆ ಎರಡು ಗಾಜು. ಬಿಂಬವನ್ನು ಮತ್ತೆ ನೆಟ್ಟಗೆ ಮಾಡುವುದಷ್ಟೇ ಅವುಗಳ ಕೆಲಸ. ಆ ಸಣ್ಣ ಕೊಳವೆಯನ್ನು ಸೀಗೆಪುಡಿಯಲ್ಲಿ ತೊಳೆದು ಬಿಸಿಲಿಗಿಟ್ಟು, ಉಳಿದದ್ದನ್ನು ಜೋಡಿಸಿ ಹಿಂದೆ ಮುಂದೆ ಜರುಗಿಸಿ ನೋಡುತ್ತಿದ್ದೆ. ಕಾಫಿ ತಂದ ಅತ್ತೆ, ನನಗೂ ತೋರ್ಸು ಅಂತ ಕೈ ಚಾಚಿದರು. ಕೊಟ್ಟೆ.

ಅವರು ಬಸ್ಸು ನಿಲ್ಲುವ ಕಡೆಗೆ ತಿರುಗಿಸಿದರು. ಪಾಂಡವಪುರದ ಕಾಲೇಜಿನಿಂದ ನನ್ನ ನಾದಿನಿ, ಅವರ ಮಗಳು, ಚೀಲ ತೂಗಿಸಿಕೊಂಡು ನಡೆದು ಬರುತ್ತಿದ್ದಳು. ಅತ್ತೆಯ ಕೈಯಿಂದ ಕಾಫಿ ಲೋಟ ಬಿತ್ತು.

"ತಲೆ ಕೆಳಗಾಗಿ ಬರ್ತಾವ್ಳೆ ಕಣವ್ವಾ, ನನ್ನ ಮಗ್ಳು," ಅಂದರು. "ಕಾಲು ಮ್ಯಾಲೆ, ಜಡೆ ಕೆಳಗೆ."

ಒಳಗಿನ ಗಾಜು ಹಾಕಿಲ್ಲ ಅತ್ತೆ, ಅದಕ್ಕೆ ಎಂದು ಎಷ್ಟು ಹೇಳಿದರೂ ಕಿವಿಗೆ ಹೋಗಲಿಲ್ಲ. ಮಗಳು ಹೊಸಿಲು ದಾಟುವ ಮೊದಲೇ ಉಪ್ಪು, ಮೆಣಸಿನಕಾಯಿ, ಪರಕೆ ಕಡ್ಡಿ ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ದೊಡ್ಡದು ಅಂತ ಲೆಕ್ಕ. ಆಮೇಲೆ ಹಿತ್ತಲಲ್ಲಿ ಪಾತ್ರೆ ಉಜ್ಜುವಾಗ ನನ್ನ ಮುಖ ನೋಡದೆ ಹೇಳಿದರು. ಮಾವಯ್ಯನಿಗೆ ಒಬ್ಬಳು ತಂಗಿ ಇದ್ದಳಂತೆ. ಅತ್ತೆ ಈ ಮನೆಗೆ ಹೊಸದಾಗಿ ಬಂದಿದ್ದಾಗ ಆ ಹುಡುಗಿ ಹಿತ್ತಲ ಬಾವಿಗೆ ಬಿದ್ದು ಸತ್ತಳಂತೆ. ಅಂದಿನಿಂದ ಬಾವಿಗೆ ಚಪ್ಪಡಿ ಮುಚ್ಚಿದೆ. ಆ ಚಪ್ಪಡಿಯ ಮೇಲೆ ನಾನು ದಿನಾ ಬಟ್ಟೆ ಒಣಗಿಸುತ್ತಿದ್ದೆ, ಕೆಳಗೆ ಬಾವಿ ಇರುವುದು ಗೊತ್ತೇ ಇರಲಿಲ್ಲ.

"ಎಂಗೆ ಬಿದ್ರು?" ಅಂದೆ.

"ಬಿದ್ಲು ಅಂತಾರೆ," ಅಂದರು ಅತ್ತೆ. ಅಂತಾರೆ ಅನ್ನುವಲ್ಲಿ ಅವರ ಕೈ ಪಾತ್ರೆಯ ಮೇಲೆ ನಿಂತಿತು, ಮತ್ತೆ ಉಜ್ಜತೊಡಗಿತು.

ಗಾಜುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ ಮಾವಯ್ಯನಿಗೆ ಹೋದ ಕಾಲು ವಾಪಸ್ಸು ಬಂದಷ್ಟು ಸಂತೋಷ. ಬೆಳಿಗ್ಗೆ ಎದ್ದವರೇ ದುರ್ಬೀನು ಎಳೆದು ಕೂರುವರು. ಕೂಲಿಗೆ ಬಂದವರು ಗದ್ದೆಯ ಆ ತುದಿಯಲ್ಲಿ ಬೀಡಿ ಹಚ್ಚಿದರೆ ಇವರು ಇಲ್ಲಿಂದ ಎಷ್ಟನೆಯ ಬೀಡಿ ಅಂತ ಕೂಗುವರು. ಅಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ. ನಾವೆಲ್ಲ ನೆಮ್ಮದಿಯಾಗಿದ್ದೆವು. ಹೊತ್ತು ಮುಳುಗುವಾಗ ನೋಡಿದ್ದು ಸಾಕೆಂದು ಕೊಳವೆಗಳನ್ನು ಒಂದರೊಳಗೊಂದು ತಳ್ಳಿ ಜೇಬಿಗೆ ಹಾಕಿಕೊಂಡು, ನನ್ನ ಗಂಡನ ಹೆಗಲು ಹಿಡಿದು ಇಳಿಯುವರು.

ಒಂದು ಸಂಜೆ ಹೊತ್ತು ಮುಳುಗುವ ಮೊದಲೇ ಇಳಿಸು ಅಂದರು. ಊಟಕ್ಕೆ ಕೂತವರು ಮುದ್ದೆ ಮುರಿಯದೆ ಎದ್ದರು. ಮಾರನೆಯ ದಿನದಿಂದ ಗದ್ದೆಯ ಸುದ್ದಿ ಕೇಳಲಿಲ್ಲ. ನೀರು ಬಂತೋ ಇಲ್ಲವೋ, ಕೂಲಿಯವರು ಬಂದರೋ ಇಲ್ಲವೋ, ಒಂದೂ ಬೇಡ. ದುರ್ಬೀನು ಮಡಚಿಕೊಂಡು ತೊಡೆಯ ಮೇಲೆ ಇರುತ್ತಿತ್ತು, ಹೆಬ್ಬೆರಳು ಅದರ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇರುತ್ತಿತ್ತು. ಆ ಟಿಕ್ ಟಿಕ್ ಸದ್ದು ಅಡುಗೆಮನೆವರೆಗೂ ಕೇಳಿಸುತ್ತಿತ್ತು. ಮಗಳಿಗೆ ಕಾಲೇಜು ಸಾಕು ಅಂದರು. ಯಾಕೆಂದು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಅವರನ್ನು ಯಾಕೆ ಅಂತ ಕೇಳುವ ಪದ್ಧತಿ ಇರಲಿಲ್ಲ.

ಹಾಗಂತ ಮಗಳನ್ನು ಬೈಯಲೂ ಇಲ್ಲ. ಅದೇ ನನ್ನನ್ನು ಯಾಮಾರಿಸಿತು. ಹತ್ತಿರ ಕರೆದು ಕೂರಿಸಿಕೊಳ್ಳುವರು, ತಲೆ ಸವರುವರು. ಪೇಟೆಯಿಂದ ಬರುವಾಗ ಕೂಸಿಗೆ ಹಸಿರು ಬಳೆ ತತ್ತಾ ಎಂದು ನನಗೆ ಹೇಳಿದರು. ಎಲ್ಲೋ ಒಳ್ಳೆಯ ಸಂಬಂಧ ಬಂದಿರಬೇಕು, ಅದಕ್ಕೇ ಕಾಲೇಜು ಬಿಡಿಸಿದ್ದಾರೆ ಅಂದುಕೊಂಡೆ. ಅವಳ ಕೈ ಅಳತೆಯ ಬಳೆಗಳನ್ನು ಆರಿಸಿ ಆರಿಸಿ ತಂದೆ. ಅವಳು ಬಳೆ ತೊಟ್ಟು ಅಪ್ಪನ ಮುಂದೆ ಕೈ ಆಡಿಸಿದಾಗ ಅವರು ಆ ಕೈಗಳನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಒಂದು ಬೆಳಿಗ್ಗೆ ನನ್ನ ಗಂಡನನ್ನು ಕರೆದು, "ಬಾವಿ ಊಳು ತಗಸ್ಬೇಕು ಕಣ್ಲಾ. ಆಳು ಕರ್ಕಂಡ್ಬಂದು ಚಪ್ಪಡಿ ಎತ್ಸು" ಅಂದರು. ನಮ್ಮ ಕಡೆ ಮಾತಿನಲ್ಲಿ ಹಕಾರ ಎಷ್ಟೋ ಸಲ ನಿಲ್ಲುವುದಿಲ್ಲ. ಹೂಳು ಅನ್ನುವುದು ಊಳು ಆಗುತ್ತದೆ, ನಾಯಿ ಇಡುವ ಊಳಿನ ಹಾಗೆ ಕೇಳುತ್ತದೆ. ದಿನಾ ಕೇಳುವ ಮಾತೇ ಆದರೂ ಅವತ್ತು ನನ್ನ ಬೆನ್ನು ತಣ್ಣಗಾಯಿತು. ಮನೆಗೆ ಬೋರ್‌ವೆಲ್ ಇತ್ತು, ನಲ್ಲಿ ಇತ್ತು, ಎದುರಿಗೆ ನಾಲೆ ಇತ್ತು. ಬಾವಿ ಯಾರಿಗೆ ಬೇಕಿತ್ತು? ಆಳುಗಳು ಬಂದು ಹಾರೆ ಕೊಟ್ಟು ಚಪ್ಪಡಿ ಸರಿಸಿದರು. ಒಳಗೆ ಕಪ್ಪಗೆ ನೀರು ಇದ್ದೇ ಇತ್ತು. ಹೂಳು ತೆಗೆಯಲು ಯಾರನ್ನೂ ಇಳಿಸಲಿಲ್ಲ. ಅದು ನಾಳಿದ್ದು ಆಗಲಿ ಬುಡ್ರಿ ಎಂದು ಮಾವಯ್ಯ ಅವರನ್ನು ಕಳಿಸಿದರು, ಆಮೇಲೆ ಅತ್ತೆಯ ಕಡೆ ತಿರುಗಿ, "ನಾಳೆ ಕೂಸಿಗೆ ಒಬ್ಬಟ್ಟು ಮಾಡು" ಅಂದರು.

ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಅತ್ತೆ ಅಡುಗೆಮನೆಗೆ ಬಂದು ಗೋಡೆ ಹಿಡಿದು ಕೂತರು.

"ಅವತ್ತೂ ಒಬ್ಬಟ್ಟು ಮಾಡ್ಸಿದ್ರು ಕಣವ್ವಾ," ಅಂದರು. "ನಮ್ಮ ಮಾವ, ನಿಮ್ಮ ಮಾವಯ್ಯನ ಅಪ್ಪ. ಆ ಹುಡ್ಗಿಗೆ ಒಟ್ಟೆ ತುಂಬ ತಿನ್ಸಿ, ಸಂಜೆ ನೀರು ಸೇದ್ಕಂಬಾ ಅಂತ ಬಾವಿಗೆ ಕಳ್ಸಿದ್ರು. ಅವಳ ಇಂದುಗಡೆ ನಮ್ಮ ಮಾವನೂ ವೋದ್ರು. ಒಲೆ ಮುಂದ್ಲಿಂದ ಎದ್ದೀಯೆ ಅಂತ ನಂಗೆ ಯೋಳಿದ್ರು. ನಾನು ಏಳ್ನಿಲ್ಲ."

ಯಾಕೆ ಅಂದೆ. ಆ ತಂಗಿ ನಾಲೆಯ ಏರಿಯ ಮೇಲೆ ಯಾವನೋ ಹುಡುಗನ ಜೊತೆ ನಿಂತಿದ್ದಳಂತೆ. ಈಗ ನಾದಿನಿಯೂ ಹಾಗೆಯೇ ನಿಂತಿದ್ದಳಂತೆ, ನಮ್ಮವರಲ್ಲದ ಯಾವನೋ ಹುಡುಗ, ಅವನ ಕೈ ಅವಳ ಹೆಗಲ ಮೇಲಿತ್ತಂತೆ. ಕಣ್ಣಾರೆ ಕಂಡೆ ಅಂತ ಮಾವಯ್ಯ ಅತ್ತೆಯ ಹತ್ತಿರ ಹೇಳಿದ್ದರು. ಕಣ್ಣಾರೆ ಎಲ್ಲಿ ಕಂಡರು ಅಂತ ನನಗೆ ಮೈ ಉರಿಯಿತು. ಕಂಡದ್ದು ದುರ್ಬೀನಿನಲ್ಲಿ. ಅದನ್ನು ತೊಳೆದು ಜೋಡಿಸಿ ಅವರ ಕೈಗೆ ಕೊಟ್ಟವಳು ನಾನು.

ನಾದಿನಿ ಜಗುಲಿಯ ಮೇಲೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಳೆಗಳು ಕಿಣಿ ಕಿಣಿ ಅನ್ನುತ್ತಿದ್ದವು. ಪಕ್ಕ ಕೂತು, ನಾಲೆ ಹತ್ತಿರ ನಿನ್ನ ಜೊತೆ ನಿಂತಿದ್ದ ಹುಡುಗ ಯಾರೇ, ಅಂದೆ.

"ಯಾವ ಹುಡ್ಗ ಅತ್ತಿಗೆ?" ಅಂದಳು. ಬೀಜ ಬಿಡಿಸುವ ಕೈ ನಿಲ್ಲಲೂ ಇಲ್ಲ.

ಮನೆಯಲ್ಲಿ ಟೀವಿ ಸದ್ದಿಗೆ ಓದಲಾಗುವುದಿಲ್ಲ ಎಂದು ಅವಳು ಸಂಜೆ ನಾಲೆಯ ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅಲ್ಲಿ ಯಾರಿರುತ್ತಾರೆ ಅಂದರೆ, ಯಾರೂ ಇಲ್ಲ, ನಾಲೆ ಆಚೆ ಗದ್ದೆ, ಗದ್ದೆ ಆಚೆ ಪಂಪ್‌ಹೌಸು, ಅಲ್ಲಿ ಯಾರೋ ಮೋಟ್ರು ಹಾಕೋಕೆ ಬರ್ತಾನೆ ಅಂದಳು. ಅವನ ಮುಖ ಹೇಗಿದೆ ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ದೂರ.

ಆಗ ನನಗೆ ಹೊಳೆಯಿತು. ಪಂಪ್‌ಹೌಸಿನ ಮುಂದೆ ಹೆಗಲೆತ್ತರದ ಕಲ್ಲುಕಂಬ ಇದೆ. ಮೋಟ್ರು ಹಾಕಿ ನೀರು ಬರುವವರೆಗೆ ಯಾರೇ ಆದರೂ ಅದರ ಮೇಲೆ ಕೈಯಿಟ್ಟು ನಿಲ್ಲುವುದು. ನಮ್ಮ ತಾರಸಿಯಿಂದ ನೋಡಿದರೆ ಆ ಕಂಬ ಮೆಟ್ಟಿಲಿನ ನೇರಕ್ಕೆ ಹಿಂದೆ ಬರುತ್ತದೆ. ದುರ್ಬೀನು ದೂರದ್ದನ್ನು ಹತ್ತಿರ ತರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮುಂದಿನ ವಸ್ತುವಿಗೂ ಹಿಂದಿನ ವಸ್ತುವಿಗೂ ನಡುವಿನ ಜಾಗವನ್ನೂ ಅದು ತಿಂದುಹಾಕುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಹುಡುಗಿಯ ಹಿಂದೆ ಕಂಬ ಮರೆಯಾಗಿ, ಕಂಬದ ಮೇಲಿನ ಕೈ ಅವಳ ಹೆಗಲಿಗೆ ಬಂದಿತ್ತು.

ಇದನ್ನು ಹೇಳಿದರೆ ಮಾವಯ್ಯ ಕೇಳುವವರಲ್ಲ. ಅವಳನ್ನು ನನ್ನ ತವರಿಗೆ, ದೇವಲಾಪುರಕ್ಕೆ ಕಳಿಸಿಬಿಡೋಣ ಅನ್ನಿಸಿತು, ಆದರೆ ಕಳಿಸಿದರೆ ಮಾವಯ್ಯ ಕಂಡದ್ದೇ ನಿಜ ಅಂತಾಗುತ್ತಿತ್ತು. ಗಂಡನನ್ನು ಕೊಟ್ಟಿಗೆಯಲ್ಲಿ ಹಿಡಿದು ಎಲ್ಲ ಹೇಳಿದೆ. ಅವರು ಕರುವಿನ ಕಿವಿ ಸವರಿದರು. ಅಪ್ಪ ಅಂಥೋರಲ್ಲ ಬುಡು ಅಂದರು. ಅಂದವರಿಗೇ ನಂಬಿಕೆ ಇರಲಿಲ್ಲ. ಬಾವಿ ತೆರೆಸಿದ್ದು ಯಾಕೆ ಹಾಗಾದರೆ, ಅಂದೆ. ಕರುವನ್ನು ಬಿಟ್ಟು ನನ್ನ ಕಡೆ ತಿರುಗಿ, "ನಾನೇನು ಮಾಡ್ಬೇಕು ಯೋಳು" ಅಂದರು.

ಅದೇ ಸಂಜೆ ಅತ್ತೆಯನ್ನು ತಾರಸಿಯ ಮೇಲೆ ಮಾವಯ್ಯನ ಪಕ್ಕ ಕೂರಿಸಿ, ನಾದಿನಿಯನ್ನು ಒಳಗಿರಲು ಹೇಳಿ, ನಾನು ನಾಲೆಗೆ ಹೋದೆ. ಮೆಟ್ಟಿಲ ಮೇಲೆ, ಅವಳು ನಿಲ್ಲುವ ಜಾಗದಲ್ಲೇ ಪುಸ್ತಕ ಹಿಡಿದು ನಿಂತೆ. ನನ್ನ ಗಂಡ ಸೇತುವೆ ಸುತ್ತಿಕೊಂಡು ಆಚೆಗೆ ಹೋಗಿ ಪಂಪ್‌ಹೌಸಿನ ಕಂಬದ ಮೇಲೆ ಕೈಯಿಟ್ಟು ನಿಂತರು. ನಾನು ತಿರುಗಿ ನೋಡಿದರೆ ಅವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಮನೆಯ ಕಡೆ ನೋಡಲು ಧೈರ್ಯ ಬರಲಿಲ್ಲ. ಆ ಗಾಜು ನನ್ನ ಬೆನ್ನಿನ ಮೇಲಿತ್ತು. ನಾದಿನಿ ಎಷ್ಟೋ ಸಂಜೆ ಇದರ ಕೆಳಗೆ ಪಾಠ ಓದಿಕೊಂಡು ನಿಂತಿದ್ದಳಲ್ಲ ಅನ್ನಿಸಿತು. ನಾಲೆಯ ನೀರು ಸದ್ದಿಲ್ಲದೆ ಹೋಗುತ್ತಿತ್ತು.

ತಾರಸಿಯ ಮೇಲೆ ನಡೆದದ್ದನ್ನು ಅತ್ತೆ ಆಮೇಲೆ ಹೇಳಿದ್ದು. ಮೆಟ್ಟಿಲ ಕಡೆ ನೋಡ್ರಿ ಅಂತ ಅತ್ತೆ ಅಂದಾಗ ಮಾವಯ್ಯ ಮೊದಲು ಒಪ್ಪಲಿಲ್ಲವಂತೆ. ಆಮೇಲೆ ಎಳೆದು ಕಣ್ಣಿಗಿಟ್ಟು ಮುಖ ಸಿಂಡರಿಸಿದರಂತೆ.

"ಇವನ್ಯಾಕೆ ಅಲ್ಲವ್ನೆ? ನಾಲೆ ಏರಿ ಮ್ಯಾಲೆ ನಿಂತ್ಕಂಡು ಎಂಡ್ರು ಎಗಲ ಮ್ಯಾಲೆ ಕೈ ಹಾಕವ್ನೆ, ಮಾನಗೆಟ್ಟೋನು."

ಅತ್ತೆ ಸೆರಗು ಬೀಸಿದರು. ಅದು ಗುರುತು. ನನ್ನ ಗಂಡ ಕಂಬ ಬಿಟ್ಟು ನನ್ನ ಕಡೆಗೆ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದರು.

"ಬತ್ತಾವ್ನೆ," ಅಂದರಂತೆ ಮಾವಯ್ಯ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಡೀತಾನೇ ಅವ್ನೆ." ಮತ್ತೂ ಹೊತ್ತು ಬಿಟ್ಟು, "ಪಕ್ಕದಲ್ಲೇ ಅವ್ಳೆ, ಇವನು ನಡೀತಾನೇ ಅವ್ನೆ. ಎಲ್ಗೆ ಓಗ್ತಾವ್ನೆ ಇವನು? ಯಾಕೆ ಬರ್ತಾನೇ ಇಲ್ಲ?"

ದುರ್ಬೀನಿನಲ್ಲಿ ಎದುರಿಗೆ ಬರುವವನು ಹಾಗೆಯೇ ಕಾಣುವುದು. ಕಾಲು ಎತ್ತಿ ಎತ್ತಿ ಇಡುತ್ತಾನೆ, ನಿಂತಲ್ಲೇ ಇರುತ್ತಾನೆ. ನನ್ನ ಗಂಡ ನಾಲೆಯ ಆಚೆ ದಡಕ್ಕೆ ಬರುವ ಹೊತ್ತಿಗೆ ನಾನು ಪುಸ್ತಕದ ಒಂದು ಪುಟ ಓದಬಹುದಿತ್ತು, ಅಷ್ಟು ಹೊತ್ತಾಗಿತ್ತು. ಬಂದವರು ಆಚೆ ದಡದಲ್ಲೇ ನಿಂತರು. ನಡುವೆ ಇಡೀ ನಾಲೆ ಹರಿಯುತ್ತಿತ್ತು.

ನಾನು ತಾರಸಿ ಹತ್ತಿದಾಗ ದುರ್ಬೀನು ಮಾವಯ್ಯನ ತೊಡೆಯ ಮೇಲೆ ಪೂರ್ತಿ ಎಳೆದು ಹಾಗೇ ಬಿದ್ದಿತ್ತು. ತೆಗೆದುಕೊಂಡು, ಅವರೆದುರಿಗೇ ಕೊಳವೆಗಳನ್ನು ಒಂದರೊಳಗೊಂದು ತಳ್ಳಿ ಮಡಚಿದೆ.

"ಇದು ತಾನು ಮಡುಚ್ಕಳೋ ಹಂಗೇ ದೂರಾನೂ ಮಡುಚ್ತದೆ ಮಾವಯ್ಯ," ಅಂದೆ. "ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಕೂರ್ತವೆ. ಕೂಸಿನ ಹತ್ರ ಯಾರೂ ಇರ್ಲಿಲ್ಲ. ನೀವು ಅವಳನ್ನ ಒಂದು ಮಾತು ಕೇಳ್ಬೋದಿತ್ತು."

ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಒಬ್ಬಟ್ಟು ತಿನ್ನಿಸಿ ಅವರು ಏನಾದರೂ ಮಾಡುತ್ತಿದ್ದರೋ ಇಲ್ಲವೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದರಿಂದಲೇ ಈಗಲೂ ಕೆಲವು ಸಲ ಆ ಟಿಕ್ ಟಿಕ್ ಕೇಳಿ ಎಚ್ಚರವಾಗುತ್ತದೆ.

ಆಗಷ್ಟೇ ಮೇಲೆ ಬಂದ ಮಗನಿಗೆ ಮಾವಯ್ಯ, "ಲೇ, ಚಪ್ಪಡಿ ಎಳ್ದಾಕ್ಬುಡ್ರಲಾ. ಈಗ್ಲೇ" ಅಂದರು. ನನ್ನ ಗಂಡ ಇಳಿದು ಹೋದರು. ಹಿತ್ತಲಲ್ಲಿ ಹಾರೆಯ ಸದ್ದು ಶುರುವಾಯಿತು. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಮಾವಯ್ಯ ಏಳಲಿಲ್ಲ. ಬರಿಗಣ್ಣಿನಲ್ಲೇ ನಾಲೆಯ ಕಡೆ ನೋಡುತ್ತಿದ್ದರು.

"ಅವತ್ತು ದುರ್ಬೀನು ಇರ್ನಿಲ್ಲ ಕಣವ್ವಾ," ಅಂದರು. "ಬರೀ ದೂರ ಇತ್ತು. ಹುಲ್ಲಿನ ಮೆದೆ ಮ್ಯಾಲೆ ನಿಂತಿದ್ದೆ ನಾನು, ಮೆದೆ ಒಟ್ತಾ. ಅದೇ ಮೆಟ್ಲು. ನನ್ನ ತಂಗೀನ ನಾನೇ ಕಂಡಿದ್ದು. ನಾನೇ ನಮ್ಮಪ್ಪನಿಗೆ ಯೋಳಿದ್ದು."

ಅತ್ತೆ ಅವರ ಮುಖ ನೋಡಿದರು. ಅತ್ತೆಗೂ ಇದು ಗೊತ್ತಿರಲಿಲ್ಲ.

"ಒಂದು ಮಾತು ಕೇಳಿದ್ದೆ ಕಣವ್ವಾ ನಾನು, ಅವಳನ್ನ," ಅಂದರು. "'ಯಾವ ಹುಡ್ಗ ಅಣ್ಣಾ?' ಅಂದ್ಲು. ಸುಳ್ಳು ಯೋಳ್ತಾವ್ಳೆ ಅಂದ್ಕಂಡೆ."

ಹಿತ್ತಲಲ್ಲಿ ಚಪ್ಪಡಿ ತನ್ನ ಜಾಗಕ್ಕೆ ಬಿದ್ದ ಸದ್ದಾಯಿತು. ಅಪ್ಪಾ, ಕತ್ತಲಾಯ್ತು ಎಂದು ಕರೆಯುತ್ತ ನಾದಿನಿ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಅವಳಿಗಿಂತ ಮೊದಲು ಅವಳ ಹಸಿರು ಬಳೆಗಳ ಸದ್ದು ಬರುತ್ತಿತ್ತು. ಮಾವಯ್ಯ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡರು.